ಕೊಂದವರಾರು, ಕೊಂದುದೇಕೆ?



ಪತ್ತೇದಾರಿ ಕಾದಂಬರಿಯನ್ನು ಓದದವರು ವಿರಳ. ಓದಿದೆನೆಂದು ಬಾಯಿಬಿಟ್ಟು ಹೇಳುವವರು ಅದಕ್ಕಿಂತಲೂ ವಿರಳ. ರೈಲಿನಲ್ಲಿ ಓದಿ ಮುಗಿಸಿ, ಇಳಿಯುವಾಗ ಆಸನದ ಮೇಲೆಯೇ ಬಿಟ್ಟು ಬರುವವರುಂಟು. ದಿಂಬಿನಡಿ ಇದನ್ನಿರಿಸಿಕೊಂಡು, ನೆಂಟರು ಬಂದಾಗ ಗಾಜಿನ ಬೀರುವಿನಲ್ಲಿರುವ ಮಹಾಕಾವ್ಯಗಳನ್ನು ತೋರಿಸುವವರೂ ಉಂಟು. ನಾನೂ ಬಹುಕಾಲ ಆ ಪಂಗಡಕ್ಕೇ ಸೇರಿದವನು. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ಪಂಡಿತನೊಬ್ಬ ಕೊಲೆಯ ಕಥೆಗಳನ್ನು ಓದಿರೆಂದು ಹೇಳಲು ಹೊರಟಿರುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನದೇ ಒಂದು ಅಪರಾಧ. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯವೊಂದಕ್ಕೆ ಅನ್ವಯ ಹೇಳುತ್ತಿದ್ದೆ. ಕೊನೆಯ ಬೆಂಚಿನ ಹುಡುಗನೊಬ್ಬ ಪಠ್ಯಪುಸ್ತಕದ ಮೇಲೆ ಅತಿ ತನ್ಮಯನಾಗಿ ಬಾಗಿದ್ದ. ಆ ತನ್ಮಯತೆಯೇ ನನಗೆ ಅನುಮಾನ ಹುಟ್ಟಿಸಿತು. ಹೋಗಿ ನೋಡಿದರೆ ಪಠ್ಯದೊಳಗೆ ಹೊದಿಕೆ ಕಿತ್ತುಹೋದ ಒಂದು ಪತ್ತೇದಾರಿ ಕಾದಂಬರಿ! ಕಿತ್ತುಕೊಂಡೆ. “ಇಂಥ ಕಸ ತಿನ್ನುವವನಿಗೆ ಪಂಪ ರನ್ನರು ಹೇಗಯ್ಯ ರುಚಿಸುತ್ತಾರೆ?” ಎಂದು ತರಗತಿಯೆಲ್ಲ ನಗುವಂತೆ ಗದರಿಸಿದೆ. ಆ ರಾತ್ರಿ, ಅದೇನು ಕಸವೋ ನೋಡೋಣವೆಂದು ಪುಸ್ತಕ ತೆರೆದವನು ಮುಗಿಸಿ ದೀಪವಾರಿಸಿದಾಗ ಗಂಟೆ ಒಂದೂವರೆ. ಬೆಳಗಾದ ಮೇಲೆ ಅದನ್ನು ಬೀರುವಿನ ಹಿಂಬದಿಗೆ ಸೇರಿಸಿದೆ. ಹುಡುಗ ಕೇಳಲಿಲ್ಲ, ನಾನು ಕೊಡಲಿಲ್ಲ.

ಕಳೆದ ವರ್ಷ ಒಂದು ಮದುವೆ ಮನೆಯಲ್ಲಿ ಗೃಹಸ್ಥನೊಬ್ಬ ಬಂದು ನಮಸ್ಕರಿಸಿದ. ಗುರುತು ಹೇಳಿಕೊಂಡು, “ಸಾರ್, ಆ ಕಾದಂಬರೀಲಿ ಕೊಲೆ ಮಾಡಿದ್ದು ಯಾರು ಅಂತ ನನಗೆ ಕೊನೆಗೂ ಗೊತ್ತಾಗಲೇ ಇಲ್ಲ” ಎಂದ. ಇಬ್ಬರೂ ನಕ್ಕೆವು. “ಆಮೇಲೆ ಏನೇನು ಓದಿದೆಯಪ್ಪ?” ಎಂದೆ. “ಪರೀಕ್ಷೆಗೆ ಬೇಕಾದ್ದು ಬಿಟ್ಟರೆ ಆಮೇಲೆ ನಾನು ಪುಸ್ತಕ ಮುಟ್ಟಲೇ ಇಲ್ಲ ಸಾರ್” ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವೆನಿಸುತ್ತಿತ್ತು. ಮನೆಗೆ ಬಂದವನು ಅವನಿಗಾಗಿ ಒಂದು ಪಟ್ಟಿ ಮಾಡಲು ಕುಳಿತೆ. ಪಟ್ಟಿ ಬೆಳೆದು ಸಣ್ಣದೊಂದು ಇತಿಹಾಸವಾಯಿತು. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಕಥೆಗಾರ ಮುಚ್ಚಿಟ್ಟಿರುವ ಯಾವ ಗುಟ್ಟನ್ನೂ ನಾನು ರಟ್ಟು ಮಾಡುವುದಿಲ್ಲ, ಭಯಪಡಬೇಡಿ.

ಕೊಲೆ ಕಳವುಗಳ ಕಥೆ ಕೀಳು ಅಭಿರುಚಿಯದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಮ್ಮ ಆಲಂಕಾರಿಕರು ಶೃಂಗಾರ ವೀರಗಳ ಜೊತೆಯಲ್ಲಿಯೇ ಭಯಾನಕವನ್ನೂ ಬೀಭತ್ಸವನ್ನೂ ಅದ್ಭುತವನ್ನೂ ರಸಗಳೆಂದು ಎಣಿಸಿದ್ದಾರೆ. ಸುಮಾರು ೧೦ನೆಯ ಶತಮಾನದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಹಗಲಿನಲ್ಲಿ ಕುಷ್ಠರೋಗಿಯ ವೇಷ, ರಾತ್ರಿ ಕಳ್ಳತನ. ಅವನು ಕದ್ದುದು ಅರಸನ ಹಾರವನ್ನೇ. ತಳಾರನಾದ ಯಮದಂಡನಿಗೆ ಅರಸ ಕೊಟ್ಟ ಗಡುವು ಏಳು ದಿನ. ಕಳ್ಳ ಸಿಕ್ಕಿಬಿದ್ದರೂ, ಎಷ್ಟು ದಂಡಿಸಿದರೂ ಒಪ್ಪಿಕೊಳ್ಳುವುದಿಲ್ಲ. ಅರಸ ಅಭಯವಿತ್ತ ಮೇಲೆ ತಾನಾಗಿಯೇ ನಿಜ ಹೇಳುತ್ತಾನೆ. ಕಳ್ಳನೂ ತಳಾರನೂ ಬಾಲ್ಯದ ಸಹಪಾಠಿಗಳೆಂಬುದು ಆಮೇಲೆ ತಿಳಿಯುತ್ತದೆ. ಇದಕ್ಕಿಂತ ಕುತೂಹಲದ ಕಥೆ ಇನ್ನೆಲ್ಲಿ ಬೇಕು?

ಆದರೂ ಇದನ್ನು ಪತ್ತೇದಾರಿ ಕಥೆಯೆನ್ನಲಾಗದು. ಇಲ್ಲಿ ಸತ್ಯ ಹೊರಬೀಳುವುದು ಕಳ್ಳನ ಬಾಯಿಂದ. ಹಿಂದಿನ ಕಾಲದಲ್ಲಿ, ನಮ್ಮಲ್ಲೇ ಆಗಲಿ ಯೂರೋಪಿನಲ್ಲೇ ಆಗಲಿ, ಅಪರಾಧ ಸಾಬೀತಾಗಬೇಕಾದರೆ ಅಪರಾಧಿಯೇ ಒಪ್ಪಬೇಕು. ಒಪ್ಪಿಸಲು ಅವನ ಮೈಯನ್ನು ಹಿಂಸಿಸಬೇಕು ಎಂಬ ನಂಬಿಕೆ ಬಲವಾಗಿತ್ತು. ಬಾಯಿ ಸುಳ್ಳಾಡಬಹುದು, ಆದರೆ ಬೂದಿ, ಹೆಜ್ಜೆಗುರುತು, ಹರಿದ ಕಾಗದ ಇವು ಸುಳ್ಳಾಡವು. ಅವನ್ನು ಓದಲು ಕಲಿತರೆ ಯಾರ ಮೈಯನ್ನೂ ಮುಟ್ಟದೆ ಸತ್ಯವನ್ನು ಕಾಣಬಹುದು ಎಂಬ ನಂಬಿಕೆ ನೆಲೆಗೊಂಡ ಕಾಲದಲ್ಲಿ ಮಾತ್ರ ಪತ್ತೇದಾರಿ ಕಥೆ ಹುಟ್ಟಲು ಸಾಧ್ಯ. ಆ ಕಾಲ ಬಂದದ್ದು ೧೯ನೆಯ ಶತಮಾನದಲ್ಲಿ.

ಪ್ಯಾರಿಸ್ ನಗರದಲ್ಲಿ ವಿಡೋಕ್ ಎಂಬಾತನಿದ್ದ. ಹಲವು ಬಾರಿ ಸೆರೆಮನೆ ಕಂಡವನು, ಮುಂದೆ ಪೊಲೀಸರ ಗುಪ್ತ ಪತ್ತೇದಾರರ ದಳಕ್ಕೆ ತಾನೇ ಮುಖ್ಯಸ್ಥನಾದ. ನಮ್ಮ ವಿದ್ಯುಚ್ಚೋರ ಯಮದಂಡರು ಒಬ್ಬನಲ್ಲೇ ಸೇರಿಕೊಂಡಂತೆ! ೧೮೨೮ರಲ್ಲಿ ಹೊರಬಂದ ಅವನ ಆತ್ಮಕಥೆಯನ್ನು ಯೂರೋಪಿನವರು ಮುಗಿಬಿದ್ದು ಓದಿದರು. ೧೮೪೧ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ, ಫಿಲಡೆಲ್ಫಿಯದ ಮಾಸಪತ್ರಿಕೆಯೊಂದರಲ್ಲಿ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಎಂಬ ಕಥೆಯನ್ನು ಪ್ರಕಟಿಸಿದ. ಒಳಗಿನಿಂದ ಭದ್ರಪಡಿಸಿದ ಕೋಣೆ, ಎರಡು ಹೆಣಗಳು, ದಿಕ್ಕು ತೋಚದ ಪೊಲೀಸರು, ತರ್ಕದಿಂದಲೇ ಸತ್ಯವನ್ನು ಕಾಣುವ ದ್ಯೂಪ್ಯಾ. ಮುಂದಿನ ಪತ್ತೇದಾರರೆಲ್ಲ ಈ ದ್ಯೂಪ್ಯಾನ ಸಂತತಿ. ಮರುವರ್ಷವೇ, ೧೮೪೨ರಲ್ಲಿ, ಲಂಡನ್ ಪೊಲೀಸರಲ್ಲಿ ಪತ್ತೇದಾರಿ ಶಾಖೆಯೊಂದು ಬೆರಳೆಣಿಕೆಯ ಅಧಿಕಾರಿಗಳಿಂದ ಆರಂಭವಾಯಿತು. ಕಥೆ ಮತ್ತು ಕಚೇರಿ ಅವಳಿ ಮಕ್ಕಳಂತೆ ಬೆಳೆದುವು.

ಈ ಸಾಕ್ಷ್ಯಶಾಸ್ತ್ರದಲ್ಲಿ ಭಾರತದ ಪಾಲೂ ಇದೆಯೆಂಬುದನ್ನು ಅನೇಕರು ಅರಿಯರು. ೧೮೫೮ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಕರಾರುಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈಯ ಗುರುತನ್ನು ಒತ್ತಿಸಿಕೊಂಡ. ೧೮೯೭ರಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪನೆಯಾದುದು ಕಲ್ಕತ್ತೆಯಲ್ಲಿ. ಬೆರಳಚ್ಚುಗಳನ್ನು ವರ್ಗೀಕರಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ನಿಂತಿತಾದರೂ, ಅದಕ್ಕಾಗಿ ಶ್ರಮಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು. ಆ ಪದ್ಧತಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡನ್ನು ಸೇರಿದ್ದು ೧೯೦೧ರಲ್ಲಿ.

ಇನ್ನು ಮೊದಲನೆಯ ಶಿಫಾರಸಿಗೆ ಬರುತ್ತೇನೆ. ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ೧೮೬೮ರಲ್ಲಿ, ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಅದು ಆರಂಭವಾಗುವುದು ಇಂಗ್ಲೆಂಡಿನಲ್ಲಲ್ಲ, ನಮ್ಮ ಶ್ರೀರಂಗಪಟ್ಟಣದಲ್ಲಿ! ೧೭೯೯ರ ಮೇ ೪ರಂದು ಕೋಟೆ ಬಿದ್ದಾಗ ನಡೆದ ಲೂಟಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಕೊಲೆ ಮಾಡಿ ಪವಿತ್ರವಾದ ವಜ್ರವೊಂದನ್ನು ಅಪಹರಿಸುತ್ತಾನೆ. ವರ್ಷಗಳು ಕಳೆದ ಮೇಲೆ ಅದು ಯಾರ್ಕ್‌ಷೈರಿನ ಸಿರಿವಂತರ ಮನೆಯ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಆ ರಾತ್ರಿಯೇ ಮಾಯವಾಗುತ್ತದೆ. ವಜ್ರವನ್ನು ಅರಸಿ ಬಂದ ಮೂವರು ಭಾರತೀಯರ ಮೇಲೆ ಮೊದಲು ಸಂಶಯ ಬೀಳುತ್ತದೆ. ಆದರೆ ಸಾರ್ಜೆಂಟ್ ಕಫ್ ಎಂಬ ಪೊಲೀಸಿನವನು ಬಂದು, ನೋಟವನ್ನು ಮನೆಯ ಒಳಕ್ಕೇ ತಿರುಗಿಸುತ್ತಾನೆ. ವಜ್ರವನ್ನು ಕದ್ದವರಾರು ಎಂಬ ಪ್ರಶ್ನೆಯ ಹಿಂದೆ, ಅದನ್ನು ಮೊದಲು ಕದ್ದವರಾರು ಎಂಬ ಪ್ರಶ್ನೆಯನ್ನೂ ಇಟ್ಟ ಆ ಆಂಗ್ಲ ಲೇಖಕನ ನ್ಯಾಯಬುದ್ಧಿ ಮೆಚ್ಚತಕ್ಕದ್ದು.

ಈ ಕಫ್ ಕೇವಲ ಕಲ್ಪನೆಯಲ್ಲ. ೧೮೬೦ರಲ್ಲಿ ವಿಲ್ಟ್‌ಷೈರ್ ಪ್ರಾಂತದ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಎಳೆಯ ಗಂಡುಮಗುವಿನ ಕೊಲೆಯಾಯಿತು. ಲಂಡನ್ನಿನಿಂದ ಬಂದ ಜೊನಾಥನ್ ವಿಚರ್ ಎಂಬ ಪತ್ತೇದಾರ, ಕಾಣೆಯಾದ ಒಂದು ರಾತ್ರಿಯುಡುಪಿನ ಜಾಡು ಹಿಡಿದು, ಆ ಮನೆಯ ಹದಿನಾರರ ಮಗಳು ಕಾನ್‌ಸ್ಟನ್ಸ್ ಕೆಂಟಳನ್ನೇ ಬೊಟ್ಟು ಮಾಡಿ ತೋರಿಸಿದ. ಸಾಮಾನ್ಯ ಪೊಲೀಸಿನವನೊಬ್ಬ ಕುಲೀನರ ಮಗಳ ಮೇಲೆ ಆರೋಪ ಹೊರಿಸುವುದೇ ಎಂದು ದೇಶವೆಲ್ಲ ಅವನ ಮೇಲೆ ಹರಿಹಾಯ್ದಿತು. ಹುಡುಗಿ ಬಿಡುಗಡೆಯಾದಳು, ವಿಚರನ ಹೆಸರು ಕೆಟ್ಟಿತು. ೧೮೬೫ರಲ್ಲಿ ಆಕೆ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡಳು. ಪತ್ತೇದಾರಿ ಕಥೆಯ ಹಿಂದಿರುವ ಧರ್ಮ ಇದೇ ಎಂದು ನಾನು ತಿಳಿದಿದ್ದೇನೆ: ಸತ್ತವರು ಎಷ್ಟು ಚಿಕ್ಕವರೇ ಆಗಿರಲಿ, ಆ ಸಾವಿಗೆ ಲೆಕ್ಕ ಕೊಡಬೇಕು, ಕೊಂದವರು ಎಷ್ಟು ದೊಡ್ಡ ಮನೆಯವರೇ ಆಗಿರಲಿ, ಅವರ ಬಾಗಿಲು ತಟ್ಟಬೇಕು.

ಮುಂದಿನವರನ್ನು ನೀವು ಬಲ್ಲಿರಿ. ಆರ್ಥರ್ ಕಾನನ್ ಡಾಯಲ್ ಎಂಬ ವೈದ್ಯ, ಎಡಿನ್‌ಬರೋದ ತನ್ನ ಗುರು ಜೋಸೆಫ್ ಬೆಲ್ ರೋಗಿಯನ್ನು ನೋಡಿದೊಡನೆ ಅವನ ಕಸಬು ಊರುಗಳನ್ನು ಹೇಳುತ್ತಿದ್ದ ಚಾತುರ್ಯವನ್ನು ನೆನೆದು, ೧೮೮೭ರಲ್ಲಿ ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ. ೧೮೯೩ರಲ್ಲಿ ಬೇಸರಗೊಂಡು ಅವನನ್ನು ಜಲಪಾತಕ್ಕೆ ಬೀಳಿಸಿದರೂ, ಓದುಗರ ಕಾಟ ತಾಳಲಾರದೆ ೧೯೦೩ರಲ್ಲಿ ಬದುಕಿಸಿ ತರಬೇಕಾಯಿತು. ಹೊಸದಾಗಿ ಓದುವವರು ಹನ್ನೆರಡು ಕಥೆಗಳ ‘ದಿ ಅಡ್ವೆಂಚರ್ಸ್ ಆಫ್ ಷೆರ್ಲಾಕ್ ಹೋಮ್ಸ್’ ಸಂಕಲನದಿಂದ ಆರಂಭಿಸಲಿ. ಮಕ್ಕಳಿಗೂ ನಿಶ್ಚಿಂತೆಯಿಂದ ಕೊಡಬಹುದು. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯರು ೧೯೩೨ರಲ್ಲಿ ಬ್ಯೋಮಕೇಶನನ್ನು ತಂದರು. ತನ್ನನ್ನು ಪತ್ತೇದಾರನೆಂದು ಕರೆದರೆ ಅವನಿಗಾಗದು, ‘ಸತ್ಯಾನ್ವೇಷಿ’ ಎನ್ನಬೇಕು. ಎಂಥ ಸೊಗಸಾದ ಮಾತು!

ಅಗಾಥಾ ಕ್ರಿಸ್ಟಿ ಮೊದಲನೆಯ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಶಾಲೆಯಲ್ಲಿ ದುಡಿದಾಕೆ; ವಿಷಗಳ ಪರಿಚಯ ಆದದ್ದು ಅಲ್ಲಿ. ಸಮಸ್ಯೆಯ ಬಿಗಿತ ಬೇಕೆನ್ನುವವರಿಗೆ ೧೯೨೬ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’, ೧೯೩೯ರ ‘ಅಂಡ್ ದೆನ್ ದೇರ್ ವರ್ ನನ್’ ಎರಡೇ ಸಾಕು. ರೇಡಿಯೋ ಕೇಳುವ ಮನೆಯವರಾದ ನಿಮಗೆ ಇನ್ನೊಂದು ಸಂಗತಿ ಹೇಳಬೇಕು. ೧೯೪೭ರಲ್ಲಿ ಇಂಗ್ಲೆಂಡಿನ ಮೇರಿ ರಾಣಿಯ ಎಂಬತ್ತನೆಯ ಹುಟ್ಟುಹಬ್ಬಕ್ಕಾಗಿ ಬಿ.ಬಿ.ಸಿ. ಆಕೆಯಿಂದ ಬರೆಯಿಸಿ ಪ್ರಸಾರ ಮಾಡಿದ ಕಿರುನಾಟಕವೇ ಬೆಳೆದು ‘ದಿ ಮೌಸ್‌ಟ್ರ್ಯಾಪ್’ ಆಯಿತು. ೧೯೫೨ರ ನವೆಂಬರಿನಲ್ಲಿ ಲಂಡನ್ ರಂಗಮಂದಿರವನ್ನೇರಿದ ಆ ನಾಟಕ ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ನಿಲ್ಲುವವರೆಗೆ ಎಡೆಬಿಡದೆ ನಡೆಯಿತು. ೨೦೨೧ರ ಮೇ ತಿಂಗಳಲ್ಲಿ ಮತ್ತೆ ಮೊದಲಾಯಿತು. ಕೊಲೆಗಾರನಾರೆಂಬುದನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ಬೇಡಿಕೊಳ್ಳುವುದು ಅಲ್ಲಿಯ ಸಂಪ್ರದಾಯ.

ಆದರೆ, ಓದುಗರೇ, ‘ಯಾರು?’ ಎಂಬ ಪ್ರಶ್ನೆಗೊಂದು ಕೊರತೆಯುಂಟು. ಉತ್ತರ ಸಿಕ್ಕಿದೊಡನೆ ಪ್ರಶ್ನೆ ಮುಗಿದುಹೋಗುತ್ತದೆ. ಎರಡನೆಯ ಸಲ ಓದಲು ಉಳಿಯುವುದು ಕಡಮೆ. ‘ಏಕೆ?’ ಎಂಬ ಪ್ರಶ್ನೆ ಹಾಗಲ್ಲ. ಕೊಲೆಗಾರನ ಮನಸ್ಸನ್ನು ಬಗೆಯುವ ಕಾದಂಬರಿಗಳು ಹುಟ್ಟಿದ್ದು ಆ ಪ್ರಶ್ನೆಯಿಂದ. ‘ಮೂನ್‌ಸ್ಟೋನ್’ಗಿಂತ ಎರಡು ವರ್ಷ ಮೊದಲೇ, ೧೮೬೬ರಲ್ಲಿ, ರಷ್ಯದ ದಾಸ್ತೊಯೆವ್‌ಸ್ಕಿ ಬರೆದ ‘ಅಪರಾಧ ಮತ್ತು ಶಿಕ್ಷೆ’ ಇವುಗಳ ಮೂಲಗ್ರಂಥ. ಅದು ಕನ್ನಡಕ್ಕೂ ಬಂದಿದೆ. ಬಡ ವಿದ್ಯಾರ್ಥಿಯೊಬ್ಬ ಬಡ್ಡಿ ವ್ಯಾಪಾರದ ಮುದುಕಿಯನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಅದನ್ನು ನಾವು ಕಣ್ಣಾರೆ ಕಂಡಂತೆ ಓದುತ್ತೇವೆ. ಗುಟ್ಟೆಂಬುದೇ ಇಲ್ಲ. ಅಸಾಮಾನ್ಯರಿಗೆ ಕಾನೂನು ಅಡ್ಡಬಾರದೆಂದು ವಾದ ಹೂಡಿ ಕೊಂದವನು, ಕೊಂದ ಮೇಲೆ ತಾನೇ ತನ್ನನ್ನು ಹಿಡಿದುಕೊಡುವ ದಾರಿಯನ್ನು ಹುಡುಕುತ್ತಾನೆ. ತನಿಖೆಯ ಅಧಿಕಾರಿ ಪೊರ್ಫೀರಿ ಅವನನ್ನು ಬಂಧಿಸಲು ಅವಸರಪಡುವುದಿಲ್ಲ, ಮಾತನಾಡುತ್ತಾನೆ, ಕಾಯುತ್ತಾನೆ. ಲೇಖಕ ಸ್ವತಃ ೧೮೪೯ರಲ್ಲಿ ಮರಣದಂಡನೆಯ ಕಟ್ಟೆಯವರೆಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಉಳಿದು, ಸೈಬೀರಿಯದ ಸೆರೆಯಲ್ಲಿ ನಾಲ್ಕು ವರ್ಷ ಅಪರಾಧಿಗಳ ನಡುವೆ ಬಾಳಿದವನು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಜನ್ನ ನೆನಪಾಗುತ್ತಾನೆ. ೧೨೦೯ರ ‘ಯಶೋಧರ ಚರಿತೆ’ಯಲ್ಲಿ ಅರಸ, ರಾಣಿ ಮಾವುತನ ಬಳಿಗೆ ಹೋಗುವುದನ್ನು ಕಂಡು ಕತ್ತಿಯೆತ್ತಿ, ತಡೆದುಕೊಳ್ಳುತ್ತಾನೆ. ತಾಯಿಯ ಮಾತಿಗೆ ಕಟ್ಟುಬಿದ್ದು ಜೀವದ ಕೋಳಿಗೆ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಾಣಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಆದರೆ ಕವಿ ತಾಯಿ ಮಗನನ್ನು ಜನ್ಮಜನ್ಮಾಂತರಗಳಲ್ಲಿ ತೊಳಲಿಸುವುದು ಆ ಹಿಟ್ಟಿನ ಕೋಳಿಗಾಗಿ. ಕೈ ಕೊಲ್ಲದಿದ್ದರೂ ಮನಸ್ಸು ಕೊಂದಿತ್ತು. ಸಂಕಲ್ಪಹಿಂಸೆಯೆಂಬುದು ಇದೇ. ಅಪರಾಧ ಮೊದಲು ಮನಸ್ಸಿನಲ್ಲಿ ನಡೆಯುತ್ತದೆಂಬುದು ಕನ್ನಡಿಗರಿಗೆ ಹೊಸ ಮಾತೇನಲ್ಲ.

ಈ ದಾರಿಯಲ್ಲಿ ಮುಂದುವರಿಯಬಯಸುವವರಿಗೆ ಕೆಲವು ಹೆಸರುಗಳು. ಫ್ರಾನ್ಸಿಸ್ ಐಲ್ಸನ ‘ಮ್ಯಾಲಿಸ್ ಅಫೋರ್‌ಥಾಟ್’ (೧೯೩೧) ಹೆಂಡತಿಯನ್ನು ಕೊಲ್ಲಲು ಯೋಚಿಸುವ ವೈದ್ಯನ ಕಥೆ; ಅವನ ಸಂಕಲ್ಪ ಆರಂಭದಲ್ಲೇ ತಿಳಿಯುತ್ತದೆ. ಜಾರ್ಜ್ ಸಿಮೆನಾನನ ಮೇಗ್ರೆ ಎಂಬ ಪ್ಯಾರಿಸ್ ಪೊಲೀಸ್ ಅಧಿಕಾರಿ, ಅಪರಾಧಿಯ ಬೀದಿಯಲ್ಲಿ ನಿಂತು, ಅವನು ಕುಡಿಯುವಲ್ಲಿ ಕುಡಿದು, ಅವನ ಬಾಳನ್ನು ಅರ್ಥಮಾಡಿಕೊಳ್ಳಲು ಯತ್ನಿಸುತ್ತಾನೆ. ತೀರ್ಪು ಕೊಡಲು ಹೋಗುವುದಿಲ್ಲ. ಇವು ಚಿಕ್ಕ ಪುಸ್ತಕಗಳು, ಎರಡು ಸಂಜೆಗೆ ಒಂದು ಮುಗಿಯುತ್ತದೆ. ಪೆಟ್ರಿಷಿಯ ಹೈಸ್ಮಿತ್‌ಳ ‘ಸ್ಟ್ರೇಂಜರ್ಸ್ ಆನ್ ಎ ಟ್ರೇನ್’ (೧೯೫೦) ಕಾದಂಬರಿಯಲ್ಲಿ ರೈಲಿನಲ್ಲಿ ಭೇಟಿಯಾದ ಅಪರಿಚಿತನೊಬ್ಬ, ನಿನ್ನ ವೈರಿಯನ್ನು ನಾನು ಕೊಲ್ಲುವೆ, ನನ್ನವನನ್ನು ನೀನು ಕೊಲ್ಲು ಎನ್ನುತ್ತಾನೆ. ಆಕೆಯ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ’ (೧೯೫೫) ಓದುತ್ತಾ, ಕೊಲೆಗಾರ ಸಿಕ್ಕಿಬೀಳದಿರಲಿ ಎಂದು ನಾವೇ ಹಾರೈಸುತ್ತಿರುವುದು ಅರಿವಾದಾಗ ಮೈ ಜುಮ್ಮೆನ್ನುತ್ತದೆ. ರಕ್ತ ಬೇಡವೆನ್ನುವವರಿಗೆ ಡಾಫ್ನೆ ಡು ಮಾರಿಯೇಳ ‘ರೆಬೆಕ್ಕ’ (೧೯೩೮) ಇದೆ. ಜಪಾನಿನ ಕೀಗೊ ಹಿಗಾಷಿನೊನ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (೨೦೦೫) ಕಥೆಯಲ್ಲಿ, ನೆರೆಮನೆಯ ತಾಯಿ ಮಗಳನ್ನು ಕೊಲೆಯ ಆರೋಪದಿಂದ ಪಾರುಮಾಡಲು ಉಪಾಯ ಹೂಡುವವನು ಪ್ರೌಢಶಾಲೆಯ ಗಣಿತದ ಮೇಷ್ಟರು! ವೃತ್ತಿಬಾಂಧವನೆಂಬ ಪಕ್ಷಪಾತ ನನಗಿರಬಹುದು. ಆದರೂ ಅದು ಮನಮುಟ್ಟುವ ಕಥೆ.

ಎಲ್ಲಕ್ಕಿಂತ ನನ್ನನ್ನು ಕಲಕಿದ ಪುಸ್ತಕ ರೂತ್ ರೆಂಡೆಲ್‌ಳ ‘ಎ ಜಡ್ಜ್‌ಮೆಂಟ್ ಇನ್ ಸ್ಟೋನ್’ (೧೯೭೭). ಮನೆಗೆಲಸದ ಹೆಂಗಸೊಬ್ಬಳು ಒಂದಿಡೀ ಸಂಸಾರವನ್ನು ಕೊಂದಳೆಂಬುದನ್ನೂ, ಕಾರಣ ಆಕೆಗೆ ಓದು ಬರಹ ಬಾರದಿದ್ದುದೆಂಬುದನ್ನೂ ಮೊದಲ ವಾಕ್ಯದಲ್ಲಿಯೇ ಹೇಳಿಬಿಡುತ್ತಾಳೆ. ಆ ಗುಟ್ಟನ್ನು ಲೇಖಕಿಯೇ ಬಿಟ್ಟುಕೊಟ್ಟಿರುವುದರಿಂದ ನನ್ನ ಮಾತು ತಪ್ಪಿದಂತಾಗಲಿಲ್ಲ. ಓದುಬಾರದವರು ಕ್ರೂರಿಗಳೆಂದು ಇದರ ಅರ್ಥವಲ್ಲ. ಅಕ್ಷರ ಕಲಿತಿಲ್ಲದ ನಮ್ಮ ತಾಯಂದಿರ ಅಂತಃಕರಣವನ್ನು ನಾವು ಬಲ್ಲೆವು. ಓದುಬಾರದೆಂಬ ನಾಚಿಕೆಯನ್ನು ಮುಚ್ಚಿಕೊಳ್ಳಲು ಆಕೆ ಕಟ್ಟಿಕೊಂಡ ಗೋಡೆ ಹೇಗೆ ಆಕೆಯನ್ನು ಮನುಷ್ಯರಿಂದಲೇ ದೂರಮಾಡಿತೆಂಬುದು ಕಥೆ. ಪುಸ್ತಕದ ವಿಷಯದಲ್ಲಿ ಒಬ್ಬರನ್ನು ನಾಚಿಸುವುದು ಸಣ್ಣ ಮಾತಲ್ಲವೆಂದು ಅದನ್ನು ಮುಚ್ಚಿಟ್ಟಾಗ ನನಗೆ ಹೊಳೆಯಿತು. ಕೊನೆಯ ಬೆಂಚಿನ ಹುಡುಗ ಕಣ್ಮುಂದೆ ಬಂದ.

ಇನ್ನು ಕನ್ನಡದ ಮಾತು. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ೨೦೧೧ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಬರೆದ ಕಾದಂಬರಿಗಳು ಐನೂರನ್ನು ಮೀರಿದ್ದವು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿಯೇ ಎಷ್ಟೋ ಮಂದಿ ಕನ್ನಡದ ಓದಿನ ರುಚಿ ಹತ್ತಿಸಿಕೊಂಡರು. ಪಂಡಿತ ಪದವಿಯ ನಾನು ಒಬ್ಬ ಹುಡುಗನ ಓದನ್ನು ನಿಲ್ಲಿಸಿದೆ. ಅವರು ಸಾವಿರಾರು ಜನರಿಗೆ ಓದು ಹಚ್ಚಿದರು. ಕನ್ನಡಕ್ಕೆ ಉಪಕಾರ ಮಾಡಿದವರು ಯಾರೆಂದು ನೀವೇ ನಿರ್ಣಯಿಸಿ. ಟಿ. ಕೆ. ರಾಮರಾಯರ ಕುತೂಹಲದ ಕಾದಂಬರಿಗಳನ್ನೂ ಮರೆಯಲಾಗದು. ಇನ್ನೂ ಮೇಲಕ್ಕೇರಬಯಸಿದರೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (೧೯೮೫), ‘ಜುಗಾರಿ ಕ್ರಾಸ್’ (೧೯೯೪). ಏಲಕ್ಕಿ ಬೆಳೆಯ ವಿಜ್ಞಾನಿಯೊಬ್ಬರ ಸಾವಿನ ತನಿಖೆ, ಕೆಸರೂರೆಂಬ ಮಲೆನಾಡಿನ ಊರಿನ ರೋಗಗಳನ್ನೆಲ್ಲ ಹೊರಗೆಡಹುವ ಪರಿ ಅಪೂರ್ವವಾದುದು. ‘ಚಿದಂಬರ ರಹಸ್ಯ’ಕ್ಕೆ ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ನನ್ನ ಸಲಹೆಯಿಷ್ಟು. ‘ಯಾರು’ ಎಂಬ ಕಥೆಗಳಿಂದ ತೊಡಗಿ, ‘ಏಕೆ’ ಎಂಬ ಕಥೆಗಳಿಗೆ ನಿಧಾನವಾಗಿ ಬನ್ನಿ. ಹೈಸ್ಮಿತ್, ರೆಂಡೆಲರನ್ನು ಎಳೆಯರ ಕೈಗೆ ಬೇಗ ಕೊಡಬೇಡಿ. ಅಪರಾಧವನ್ನು ಬಣ್ಣಿಸಿ ಬಾಯಿ ಚಪ್ಪರಿಸುವ ಪುಸ್ತಕಗಳೂ ಇವೆ. ಸತ್ತವರಿಗಾಗಿ ಮರುಕಪಡದ ಪುಸ್ತಕವನ್ನು ಅರ್ಧದಲ್ಲೇ ಇಳಿಸಿಬಿಡಿ. ಆದರೆ ಮನೆಯ ಹುಡುಗನೊಬ್ಬ ಪಠ್ಯದೊಳಗೆ ಇನ್ನೊಂದು ಪುಸ್ತಕವಿಟ್ಟುಕೊಂಡಿರುವುದನ್ನು ಕಂಡರೆ, ಕಸಿದುಕೊಳ್ಳಬೇಡಿ. ಅದು ಮುಗಿದ ಮೇಲೆ ನಿಮಗೂ ಕೊಡುವನೇ, ಕೇಳಿ.

ಹೋದ ತಿಂಗಳು ಆ ಗೃಹಸ್ಥ ಮನೆಗೆ ಬಂದಿದ್ದ. ಪಟ್ಟಿಯನ್ನೂ, ಬೀರುವಿನ ಹಿಂಬದಿಯಿಂದ ತೆಗೆದ ಆ ಹೊದಿಕೆಯಿಲ್ಲದ ಪುಸ್ತಕವನ್ನೂ ಕೈಗಿತ್ತೆ. ಪುಟ ಮಗುಚಿ, ತಾನು ನಿಲ್ಲಿಸಿದ್ದ ಜಾಗವನ್ನು ಹುಡುಕಿದ; ಸಿಗಲಿಲ್ಲ. “ಕೊಲೆಗಾರ ಯಾರು ಅಂತ ಹೇಳಿಬಿಡಲೇನಪ್ಪ?” ಎಂದೆ. ಪುಸ್ತಕವನ್ನು ಮುಚ್ಚಿ, “ಬೇಡಿ ಸಾರ್, ಮೊದಲಿಂದ ಓದ್ಕೋತೀನಿ” ಎಂದ.